ಮಾರ್ಲಿಸ್ ಕ್ವಾಮ್ ಕೊಂಡ ವೆಲ್ಡಿಂಗ್ ಮಷೀನು

ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ ಮಾರ್ಲಿಸ್ ಕ್ವಾಮ್, ಸೀಟಿನ ಮೇಲಿನ ಮಕ್ಕಳ ವಾಂತಿಯನ್ನು ಮುಖ ಸಿಂಡರಿಸದೆ ಒರೆಸಿದವಳು. ಅಂಥವಳಿಗೆ ನಿವೃತ್ತಿಯ ಮೊದಲ ಚಳಿಗಾಲದಲ್ಲಿ ಒಂದು ವೆಲ್ಡಿಂಗ್ ಮಷೀನಿನ ದೆಸೆಯಿಂದ ಮನುಷ್ಯರ ಮೇಲೇ ಹೇಸಿಗೆ ಹುಟ್ಟಿತು.

ಮಿನ್ನೆಸೋಟದ ಉತ್ತರದಲ್ಲಿ, ಸರೋವರದ ದಡದಲ್ಲೇ ಅವಳ ಮನೆ. ಮೀನು ಹಿಡಿಯುವ ಅಲ್ಯೂಮಿನಿಯಂ ದೋಣಿಯ ಹಿಂಭಾಗದಲ್ಲಿ ಗೇಣುದ್ದ ಬಿರುಕು ಬಿಟ್ಟಿತ್ತು. ಸಂಜೆ ತರಗತಿಗೆ ಹೋಗಿ ಕಬ್ಬಿಣ ಬೆಸೆಯಲು ಕಲಿತಿದ್ದಳು. ಇದನ್ನೂ ತಾನೇ ಬೆಸೆಯುತ್ತೇನೆಂದು ಹಟ ಹಿಡಿದಳು.

"ಅಂಟು ಮೆತ್ತಿ ಬಿಡೆ, ಸಾಕು," ಎಂದ ಅಕ್ಕನ ಗಂಡ ಆರಿನ್.

"ಮೊದಲು ನಿನ್ನ ಬಾಯಿಗೆ ಮೆತ್ತಬೇಕು."

ಅಂತರ್ಜಾಲದಲ್ಲಿ ಹುಡುಕಿ, ಟಿಗ್ ಎಂಬ ಬಗೆಯ ಅಗ್ಗದ ವೆಲ್ಡಿಂಗ್ ಮಷೀನೊಂದನ್ನು ತರಿಸಿಕೊಂಡಳು. ಡಬ್ಬಿಯ ಮೇಲೆ ಅಲ್ಯೂಮಿನಿಯಂ ಬೆಸುಗೆಯ ಹೊಳೆಯುವ ಚಿತ್ರ, ಕೆಳಗೆ 'ಎಲ್ಲ ಲೋಹಕ್ಕೂ' ಎಂಬ ದಪ್ಪಕ್ಷರ. ಬೆಸುಗೆಗೆ ಬೇಕಾದ ಆರ್ಗಾನ್ ಗ್ಯಾಸಿನ ಸಿಲಿಂಡರನ್ನೂ ತಂದು, ಮುರುಕು ಅಲ್ಯೂಮಿನಿಯಂ ಕುರ್ಚಿಯ ಕಾಲನ್ನು ಮೊದಲು ಬೆಸೆದು ನೋಡಿದಳು. ಲೋಹ ಕರಗಿ ಕೂಡಿಕೊಳ್ಳಲೇ ಇಲ್ಲ. ಕಪ್ಪು ಮಸಿ ಕಾರಿತು, ಉಂಡೆಗಟ್ಟಿತು, ಕೊನೆಗೆ ತೂತು ಬಿತ್ತು. ತನ್ನ ಕೈಯೇ ಸರಿಯಿಲ್ಲವೆಂದು ಮೂರು ದಿನ ತನ್ನನ್ನೇ ಬೈದುಕೊಂಡಳು. ನಾಲ್ಕನೆಯ ದಿನ ತರಗತಿಯ ಮೇಷ್ಟ್ರಿಗೆ ಫೋನು ಮಾಡಿದಳು.

"ಅದರಲ್ಲಿ ಎಸಿ ಕರೆಂಟ್ ಇದೆಯಾ, ಬರೀ ಡಿಸಿನಾ? ಅಲ್ಯೂಮಿನಿಯಂ ಮೈಮೇಲೆ ಒಂದು ಪೊರೆ ಇರುತ್ತಮ್ಮ. ಎಸಿ ಇಲ್ದೆ ಅದು ಬಿಡಲ್ಲ."

ಕೈಪಿಡಿಯ ಕೊನೆಯ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಡಿಸಿ ಮಾತ್ರ ಎಂದಿತ್ತು.

ಮಾರಿದವರಿಗೆ ಫೋನು ಹಚ್ಚಿದಳು. "ಚಿತ್ರ ಬರೀ ಅಂದಕ್ಕೆ ಹಾಕಿರೋದು ಮೇಡಂ," ಎಂದಿತು ಆ ಕಡೆಯ ನಯವಾದ ದನಿ. "ನೀವು ಐದು ನಕ್ಷತ್ರ ಕೊಟ್ಟುಬಿಡಿ, ಅರ್ಧ ದುಡ್ಡು ವಾಪಸ್ ಹಾಕ್ತೀವಿ."

"ಥೂ! ಸುಳ್ಳು ಹೇಳಿದ್ದು ಸಾಲದು ಅಂತ ನನ್ನ ಬಾಯಲ್ಲೂ ಹೇಳಿಸ್ತೀರಾ?"

ಮಷೀನನ್ನು ಹಿಂದಕ್ಕೆ ಕಳಿಸಿದಳು. ಮಾರಿದವರ ಜಾಲತಾಣದಲ್ಲಿ ನಡೆದದ್ದನ್ನೆಲ್ಲ ಬರೆದು ಒಂದೇ ನಕ್ಷತ್ರ ಕೊಟ್ಟಳು. ಎರಡೇ ದಿನದಲ್ಲಿ ಆ ಬರಹ ಮಾಯ. ಅಲ್ಲಿ ಐದೈದು ನಕ್ಷತ್ರ ಕೊಟ್ಟು ಹೊಗಳಿದ್ದ ನೂರಾರು ಹೆಸರುಗಳನ್ನು ನೋಡಿ, ಅರ್ಧ ದುಡ್ಡಿಗೆ ಬಾಯಿ ಮಾರಿಕೊಂಡವರೆಂದು ಬೈದು ಪುಟ ಮುಚ್ಚಿದಳು.

ಪೇಟೆಯ ವೆಲ್ಡಿಂಗ್ ಅಂಗಡಿಗೆ ಹೋದಾಗ ಆರಿನ್ ಜೊತೆಗೆ ಬಂದದ್ದೇ ತಪ್ಪಾಯಿತು. ಕೇಳಿದ್ದು ಇವಳು, ಅಂಗಡಿಯ ವರ್ಲಿನ್ ಉತ್ತರ ಹೇಳಿದ್ದು ಅವನಿಗೆ.

"ಮನೆಯವ್ರಿಗೆ ಚಿಕ್ಕದು ಸಾಕು ಬಿಡಿ ಸಾರ್. ಗುಲಾಬಿ ಬಣ್ಣದ ಗ್ಲೌಸೂ ಇದೆ."

"ಮನೆಯವ್ರಲ್ಲ, ನಾದಿನಿ," ಎಂದು ಆರಿನ್ ಎರಡು ಹೆಜ್ಜೆ ಹಿಂದೆ ಸರಿದ. ಅವಳ ಸಿಟ್ಟು ಅವನಿಗೆ ಗೊತ್ತಿತ್ತು.

ಮಾರ್ಲಿಸ್ ಚೀಲದಿಂದ ಅಲ್ಯೂಮಿನಿಯಂ ತುಂಡೆರಡನ್ನು ತೆಗೆದು ಮೇಜಿನ ಮೇಲೆ ಕುಕ್ಕಿದಳು. "ಎಸಿ ಇರೋದರಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದು? ಹಚ್ಚು. ನಾನೇ ಬೆಸೆದು ನೋಡ್ತೀನಿ. ಚಿತ್ರ ನೋಡಿ ಕೊಳ್ಳೋ ಕಾಲ ಮುಗೀತು."

ಗೊಣಗುತ್ತಲೇ ವರ್ಲಿನ್ ಹಿಂದಿನ ಕೋಣೆಯಲ್ಲಿ ಮಷೀನು ಹಚ್ಚಿದ. ಮುಖಕವಚ ಇಳಿಸಿ ಅವಳು ಕಾಲಿನ ಪೆಡಲು ಒತ್ತಿದಳು. ಕಿಡಿಯ ಸುತ್ತ ಲೋಹ ಬೆಳ್ಳಗೆ ತೊಳೆದಂತಾಗಿ, ನೋಡನೋಡುತ್ತ ಪಾದರಸದಂಥ ಹನಿ ನಿಂತಿತು. ಬೆಸುಗೆ ಸೊಟ್ಟಗಿತ್ತು, ಆದರೆ ಹಿಡಿದಿತ್ತು. ವರ್ಲಿನ್ ಸುತ್ತಿಗೆಯಿಂದ ಬಡಿದು ನೋಡಿದ. ಬೆಸುಗೆ ಬಿಡಲಿಲ್ಲ. ಆಮೇಲಿಂದ ಅವಳತ್ತ ತಿರುಗಿಯೇ ಮಾತಾಡಿದ.

ಅವನ ಅಂಗಡಿಯಲ್ಲಿ ಕೊಳ್ಳಲು ಮನಸ್ಸಿರಲಿಲ್ಲ. ಆದರೂ ಮಷೀನಿನ ತಪ್ಪೇನೆಂದು ಅದನ್ನೇ ಕೊಂಡಳು. ಗ್ಲೌಸನ್ನು ಮುಟ್ಟಲಿಲ್ಲ.

ಮೇ ತಿಂಗಳಲ್ಲಿ ಸರೋವರದ ಮಂಜುಗಡ್ಡೆ ಕರಗಿ ದೋಣಿ ನೀರಿಗಿಳಿಯಿತು. ಬೆಸೆದ ಕಡೆ ತೊಟ್ಟು ನೀರೂ ಬರಲಿಲ್ಲ. ಬೇರೊಂದು ಕಡೆ, ತಗಡು ಜೋಡಿಸಿದ ರಿವೆಟ್ ಮೊಳೆಯೊಂದರ ಬುಡದಲ್ಲಿ ಜಿನುಗಿತು. ಮಾರ್ಲಿಸ್ ಅದನ್ನು ಬೈಯುತ್ತ ಬೆರಳಿಂದ ಒತ್ತಿ ಹಿಡಿದಳು. ಆರಿನ್ ದಡದತ್ತ ಹುಟ್ಟು ಹಾಕಿದ.