ಮಾವನ ಗಂಜಿ, ನಮ್ಮ ಬ್ಯಾಂಡು

ನಮ್ಮ ಮನೆಯಲ್ಲಿ ಒಬ್ಬ ಡಿಗ್ರಿ ಮುಗಿಸುವುದು ಆಗದ ಮಾತು ಎಂದವನು ನನ್ನ ಸೋದರಮಾವ. "ಮಗ್ಗದ ಗುಂಡೀಲಿ ಕಾಲು ಬಿಟ್ಕಂಡು ಬೆಳ್ದೋನು ನೀನು. ನಿನ್ ಕೈಲಿ ಆಗಾಕಿಲ್ಲ ಕಣ್ಲಾ. ಒಂದೇ ಒಂದು ಅರಿಯರ್ ಬೀಳ್ಲಿ, ಮಾರನೇ ದಿನ ಮಗ್ಗಕ್ಕೆ ಕೂರುಸ್ತೀನಿ" ಅನ್ನುತ್ತಿದ್ದ. ಅರಿಯರ್ ಅಂದರೆ ಒಂದು ಪೇಪರಿನಲ್ಲಿ ಫೇಲ್. ಅಪ್ಪ ಸತ್ತ ಮೇಲೆ ನಾನೂ ಅಮ್ಮನೂ ತಮಿಳುನಾಡಿನ ಎಡಪ್ಪಾಡಿಯಲ್ಲಿ, ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿದ್ದ ಅವನ ಮನೆಯಲ್ಲೇ ಇದ್ದೆವು. ಅವನು ಬೀಸಿದ ಲಾಳಿಯ ಗುರುತು ನನ್ನ ಹುಬ್ಬಿನ ಮೇಲೆ ಈಗಲೂ ಇದೆ.

ತೊಂಬತ್ತರ ದಶಕ. ಸೇಲಂ ಕಾಲೇಜಿನಲ್ಲಿ ನಾವು ನಾಲ್ವರು ಒಂದು ಬ್ಯಾಂಡ್ ಕಟ್ಟಿದ್ದೆವು. ಹಾಡುವವನ ಅಣ್ಣ ದುಬೈಯಿಂದ ತಂದ ಕ್ಯಾಸೆಟ್ಟುಗಳಲ್ಲಿ ನ್ಯೂ ವೇವ್ ಎಂಬ ಬಗೆಯ, ಹತ್ತು ವರ್ಷ ಹಳೆಯ ಇಂಗ್ಲಿಷ್ ಪಾಪ್ ಹಾಡುಗಳಿದ್ದವು. ಯಾರದೋ ಊರಿನ ಹಳೆಯ ನೆನಪುಗಳನ್ನು ನಾವು ನಮ್ಮವೇ ಎಂಬಂತೆ ಬಾರಿಸುತ್ತಿದ್ದೆವು. ಭುಜಕ್ಕೆ ಹತ್ತಿ ತುಂಬಿದ ಕೋಟು, ಕಣ್ಣಿಗೆ ಕಾಡಿಗೆ. ಕೂದಲು ಮಾತ್ರ ಕ್ಯಾಸೆಟ್ಟಿನ ಚಿತ್ರದಲ್ಲಿದ್ದ ಹಾಗೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. "ಅದಕ್ಕೆ ನಮ್ಮ ಮನೇಲಿ ಮದ್ದು ಐತೆ" ಎಂದೆ.

ಕಡೆಯ ಪರೀಕ್ಷೆಗೆ ಎಂಟು ದಿನ ಮುಂಚೆ ಕಾಲೇಜು ಡೇ. ಅದೇ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಮಾವನ ಹಾಸು ಎಳೆಯುವ ಸರದಿ. ಸೀರೆಯ ಉದ್ದೆಳೆಗಳನ್ನು ಬೀದಿಯುದ್ದಕ್ಕೂ ಬಿಗಿದು, ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಗಂಜಿ ಬಳಿದು ಕುಂಚದಿಂದ ಉಜ್ಜುತ್ತಾರೆ. ಹಿಂದಿನ ಸಂಜೆಯೇ ಕುದಿಸಿಟ್ಟಿದ್ದ ಗಂಜಿಯಿಂದ ನಾನೊಂದು ಎಣ್ಣೆ ಕ್ಯಾನ್ ತುಂಬಿಕೊಂಡೆ. ಕಡಿಮೆಯಾದದ್ದು ಕಾಣಬಾರದೆಂದು ಹಂಡೆಗೆ ಅಷ್ಟೇ ನೀರು ಸುರಿದೆ. ನೇಯುವವರ ಮನೆಯ ಅನ್ನ ತಿಂದವನು ಮಾಡುವ ಕೆಲಸವೇ ಅದು? ನೀರು ಗಂಜಿ ಕುಡಿದ ಎಳೆ ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುರಿದು ಮೊದಲ ಬಸ್ಸು ಹತ್ತಿದೆ.

ಮೂರನೇ ಹಾಡಿಗೆ ಬೆವರಲ್ಲಿ ಕೂದಲ ಗಂಜಿ ಕರಗಿ, ಕಾಡಿಗೆಯ ಜೊತೆ ಕಣ್ಣಿಗೆ ಇಳಿಯುತ್ತಿತ್ತು. ಉರಿಯುವ ಕಣ್ಣಲ್ಲೇ ಕೀಬೋರ್ಡ್ ನುಡಿಸುತ್ತಿದ್ದಾಗ ಭುಜಕ್ಕೆ ಏಟು ಬಿತ್ತು. ಹತ್ತಿ ಇದ್ದದ್ದರಿಂದ ಮೂಳೆ ಉಳಿಯಿತು. ತಿರುಗಿದರೆ ಮಾವ, ಕೈಯಲ್ಲಿ ಹಾಸಿನ ಕೋಲು.

"ಬೀದಿ ಜನದ ಮುಂದೆ ಆಸು ಪಟಪಟ ಕಿತ್ಕಂಡು ಓತು! ನೀನು ಅದ್ನ ತಲೆಗೆ ಬಳ್ಕಂಡು ಕುಣೀತೀಯಾ?"

ನೋಡುತ್ತಿದ್ದವರು ಇದೂ ಆಟದ ಒಂದು ಭಾಗವೆಂದುಕೊಂಡರು. ಶಿಳ್ಳೆ ಹೊಡೆದರು. "ಇನ್ನೊರು ಅಡಿ ಪೋಡು ಮಾಮಾ!" ಇನ್ನೊಂದು ಏಟು ಹಾಕು ಎಂದು ತಮಿಳಿನಲ್ಲಿ ಹುರಿದುಂಬಿಸಿದರು. ಎರಡನೆಯ ಏಟಿಗೆ ಕಿವಿ ಹರಿದು ಬಿಳಿ ಕೋಟಿನ ಮೇಲೆ ರಕ್ತ ಸುರಿದಾಗ ಶಿಳ್ಳೆ ನಿಂತಿತು. ಡ್ರಮ್ಮಿನವನು ಕಬ್ಬಿಣದ ಸ್ಟ್ಯಾಂಡ್ ಎತ್ತಿ ಮಾವನ ಮೊಣಕಾಲಿಗೆ ಬೀಸಿದ. ಮಾವ ಬಿದ್ದ. ಹತ್ತಿಪ್ಪತ್ತು ಹುಡುಗರು ವೇದಿಕೆಗೆ ಹಾರಿ ಅವನ ಪಕ್ಕೆಗೆ, ಮುಖಕ್ಕೆ ಒದೆಯತೊಡಗಿದರು. ಒಂದು ಕ್ಷಣ ಒದೆಯಲಿ ಅನಿಸಿತು ನನಗೆ. ಸುಳ್ಳು ಬರೆಯಲಾರೆ.

ಆಮೇಲೆ ಅವನ ಬಾಯಿಂದ ಹಲ್ಲು ಉದುರಿದ್ದು ಕಂಡಿತು. "ವಿಡುಂಗಡಾ, ಎಂಗ ಮಾಮಾಡಾ!" ಬಿಡ್ರೋ, ನಮ್ಮ ಮಾವ ಎಂದು ಕಿರುಚುತ್ತ ಅವನ ಮೇಲೆ ಬೋರಲು ಬಿದ್ದೆ. ಯಾರದೋ ಬೂಟು ನನ್ನ ಬಲಗೈ ಮೇಲೆ ಇಳಿಯಿತು. ಎರಡು ಬೆರಳು ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಊರಿಗೆ ಮರಳುವ ಬಸ್ಸಿನಲ್ಲಿ ನಮ್ಮಿಬ್ಬರ ಪಕ್ಕ ಯಾರೂ ಕೂರಲಿಲ್ಲ. ಬಹಳ ದೂರ ಬಂದ ಮೇಲೆ ಮಾವ ಕೇಳಿದ:

"ಬರಿಯೋ ಕೈಯಾ ಅದು?"

"ಊಂ ಮಾವ."

"ಪರೀಕ್ಷೆ ಯಾವತ್ತು?"

"ಎಂಟು ದಿನ ಐತೆ."

ಮನೆಯಲ್ಲಿ ಅಮ್ಮನ ಕೆನ್ನೆ ಊದಿತ್ತು. ನಾನು ಕ್ಯಾನ್ ತುಂಬಿದ್ದನ್ನು ಅವಳು ಕಂಡಿದ್ದಳು; ಗಂಜಿ ಏನಾಯಿತೆಂದು ಬಾಯಿ ಬಿಡಿಸಲು ಬೆಳಿಗ್ಗೆಯೇ ಮಾವ ಹೊಡೆದಿದ್ದ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಅವತ್ತು ಅವನೇ ಒಲೆ ಹಚ್ಚಿ ಗಟ್ಟಿ ಗಂಜಿ ಕುದಿಸಿದ. ಬಿದಿರು ಕಡ್ಡಿಗಳನ್ನು ಇಟ್ಟು, ಗಂಜಿಯಲ್ಲಿ ನೆನೆಸಿದ ಬಟ್ಟೆಯನ್ನು ನನ್ನ ಉಂಗುರ ಬೆರಳು, ಕಿರುಬೆರಳಿಗೆ ಸುತ್ತಿದ. ಕಿರುಚಿದರೆ, "ಮುಚ್ಚಲೇ ಬಾಯಿ" ಎಂದು ಗದರಿದ. ಬೆಳಗಾಗುವುದರೊಳಗೆ ಆ ಪಟ್ಟಿ ಕಲ್ಲಾಗಿತ್ತು. ಉಳಿದ ಮೂರು ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿ, "ಬರಿ" ಎಂದ.

ಬರೆದೆ. ಪ್ರತಿ ಪೇಪರಿನಲ್ಲೂ ಮೂರು ಗಂಟೆ, ನೋವಿಗೆ ಹಲ್ಲು ಕಚ್ಚಿಕೊಂಡು ಬರೆದೆ. ಸೆಕೆಂಡ್ ಕ್ಲಾಸ್, ಒಂದೂ ಅರಿಯರ್ ಇಲ್ಲ. ಇದನ್ನು ಹೇಳುವಾಗ ನನ್ನ ದನಿ ಈಗಲೂ ಏರುತ್ತದೆ, ಏರಲಿ.

ಸರ್ಟಿಫಿಕೇಟ್ ತಂದ ದಿನವೂ ಬೀದಿಯಲ್ಲಿ ಹಾಸು ಎಳೆದಿದ್ದರು. ಸರ್ಟಿಫಿಕೇಟನ್ನು ನಾನು ಕೊಟ್ಟದ್ದು ಅಮ್ಮನ ಕೈಗೆ. ಮಾವ ಕುಂಚ ಕೆಳಗಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು, ಕುಂಟುತ್ತ ಬಂದ. ಅವನಿಗೆ ಓದಲು ಬಾರದು. ಸೀರೆಯ ಅಂಚು ಪರೀಕ್ಷಿಸುವ ಹಾಗೆ ಕಾಗದದ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ.

"ಗಟ್ಟಿಯಾಗೇ ಐತೆ ಕಣವ್ವಾ," ಎಂದ ಅಮ್ಮನಿಗೆ. "ನೀರು ಬೆರ್ಸಿಲ್ಲ."