ಗಂಟು ಹಾಕದ ದೊರಿಂದಾ

ಬೆಳಗಿನ ಆರು ಗಂಟೆ. ಪೋವುವಾ ಮೀನುಗಾರಿಕೆ ಬಂದರಿನ ಕಟ್ಟೆಯ ಮೇಲೆ ದೀಪಗಳಿನ್ನೂ ಉರಿಯುತ್ತಿವೆ. ದೊರಿಂದಾ ಮಾಯೊ ಕೈಗಾಡಿ ತಳ್ಳಿಕೊಂಡು ಬರುತ್ತಿದ್ದಾರೆ. ಗಾಡಿಯಲ್ಲೊಂದು ಬಿಳಿ ಪೀಪಾಯಿ, ಅದರೊಳಗೆ ಎಂಟು ಜನರನ್ನು ಹೊರುವ ರಬ್ಬರಿನ ತೆಪ್ಪ. ದೋಣಿ ಮುಳುಗಿದ ದಿನ ಮಾತ್ರ ಅದಕ್ಕೆ ಕೆಲಸ. ದೊರಿಂದಾರಿಗೆ ಅರವತ್ತೆರಡು. ಮೈಮೇಲಿನ ನೀಲಿ ಮೇಲಂಗಿಗೆ ಕಟ್ಟುವ ದಾರವಿಲ್ಲ, ಆರು ಗುಂಡಿ. ಬೂಟಿಗೂ ಲಾಡಿಯಿಲ್ಲ. "ಈಯಮ್ಮ ಉಪ್ಪಿನ ಚೀಲಕ್ಕೂ ಗಂಟು ಹಾಕಲ್ಲ, ಬಟ್ಟೆ ಕ್ಲಿಪ್ಪು ಸಿಗಿಸ್ತಾಳೆ" ಎಂದು ಮೀನು ಹರಾಜಿನವರು ರೇಗಿಸುತ್ತಾರೆ. ದೊರಿಂದಾ ಗಾಡಿ ತಳ್ಳುತ್ತಾ ಮುಂದೆ ಹೋಗುತ್ತಾರೆ.

ಪ್ರತಿ ದೋಣಿಯ ತೆಪ್ಪವೂ ವರ್ಷಕ್ಕೊಮ್ಮೆ ಬಂದರಿನ ಹಿಂದಿನ ಶೆಡ್ಡಿಗೆ, ಅವರ ಕೈಗೆ ಬರಬೇಕು. ಗಾಳಿ ತುಂಬಿ ಒಂದು ದಿನ ಬಿಡುತ್ತಾರೆ. ಎಲ್ಲಾದರೂ ಸೋರುತ್ತಿದೆಯೇ ಎಂದು ರಬ್ಬರಿಗೆ ಕೆನ್ನೆ ಒತ್ತಿ ನೋಡುತ್ತಾರೆ. ತೆಪ್ಪ ಉಬ್ಬಿಸುವ ಅನಿಲದ ಸಿಲಿಂಡರನ್ನು ತೂಗುತ್ತಾರೆ. ಅವಧಿ ಮುಗಿದ ನೀರಿನ ಪೊಟ್ಟಣ, ಬಿಸ್ಕತ್ತು, ವಾಂತಿ ಮಾತ್ರೆ ತೆಗೆದು ಹೊಸತು ಇಡುತ್ತಾರೆ. ಆಮೇಲೆ ಮಡಿಸಬೇಕು. ಒಂದು ಮಡಿಕೆ ತಪ್ಪಿದರೂ ತೆಪ್ಪ ಅರಳುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ವಾರಕ್ಕೆ ಐದರಂತೆ ಮೂವತ್ತು ವರ್ಷದಲ್ಲಿ ಏಳು ಸಾವಿರ ದಾಟಿದೆ. ಅದರಲ್ಲಿ ಸಮುದ್ರದ ಮೇಲೆ ನಿಜವಾಗಿ ಅರಳಿದ್ದು ನಾಲ್ಕು. ಇಪ್ಪತ್ತೊಂದು ಜನ ಮನೆಗೆ ಬಂದರು.

"ತೆಪ್ಪ ಹತ್ತಿದ ಮೇಲೆ ಮೊದಲು ಏನ್ ಮಾಡ್ತೀರಿ ಅಂದ್ರೆ ಈ ಗಂಡಸ್ರು ಪ್ರಾರ್ಥನೆ ಅಂತಾರೆ" ಎನ್ನುತ್ತಾರೆ ದೊರಿಂದಾ. "ಮೊದಲು ತೆಪ್ಪನ ದೋಣಿಗೆ ಹಿಡಿದಿರೋ ಹಗ್ಗ ಕುಯ್ದು ದೂರ ಆಗಿ. ನೀರು ಮೊಗೆದು ಹಾಕಿ, ಬಾಗಿಲು ಮುಚ್ಚಿ, ಎಲ್ರೂ ಮಾತ್ರೆ ನುಂಗಿ. ವಾಂತಿ ಶುರುವಾದ್ರೆ ಪೊಟ್ಟಣದ ನೀರು ಸಾಲಲ್ಲ. ನಮ್ಮ ಸಮುದ್ರದಲ್ಲಿ ಬಾಯಾರಿಕೆಗಿಂತ ಮುಂಚೆ ಚಳೀನೇ ಕೊಲ್ಲೋದು, ಒಬ್ರಿಗೊಬ್ರು ಅಂಟಿಕೊಂಡು ಕೂತ್ಕೊಳಿ. ಪ್ರಾರ್ಥನೆಗೆ ಆಮೇಲೆ ಬೇಕಾದಷ್ಟು ಹೊತ್ತಿರುತ್ತೆ."

ಇವತ್ತಿನ ತೆಪ್ಪ 'ಮಾರಿಯಾ ಅಲ್ಸೀರಾ' ದೋಣಿಯದು. ಯಜಮಾನ ಝೆಫೆರೀನೊ ದೊರಿಂದಾರ ತಂಗಿಯ ಮಗ. ಪೀಪಾಯಿಯನ್ನು ಚುಕ್ಕಾಣಿ ಕೋಣೆಯ ಚಾವಣಿಯ ಮೇಲೆ ಕೂರಿಸಿ ಬಿಗಿಯುವುದು ಒಂದೇ ಪಟ್ಟಿ, ಪಟ್ಟಿಯ ತುದಿಗೆ ಮುಷ್ಟಿ ಗಾತ್ರದ ಕೊಂಡಿ. ದೋಣಿ ಮುಳುಗಿ ಮೂರ್ನಾಲ್ಕು ಮೀಟರ್ ಇಳಿಯುವಷ್ಟರಲ್ಲಿ ನೀರಿನ ಒತ್ತಡಕ್ಕೆ ಕೊಂಡಿಯೊಳಗಿನ ಚೂರಿ ಚಿಮ್ಮಿ ಪಟ್ಟಿ ಕತ್ತರಿಸುತ್ತದೆ, ಪೀಪಾಯಿ ತಾನೇ ಮೇಲೆದ್ದು ತೆಪ್ಪ ಅರಳುತ್ತದೆ. ಅದನ್ನು ಕೂರಿಸಿ ಕೆಳಗಿಳಿದ ದೊರಿಂದಾ ತಪಾಸಣೆ ಪತ್ರವನ್ನು ಕೂಡಲೇ ಕೊಡುವುದಿಲ್ಲ. ಕಟ್ಟೆಯ ಮೇಲೆ ಒಂದು ಸುತ್ತು ಹೋಗಿ ಬಂದು, ಇನ್ನೊಮ್ಮೆ ನೋಡಿ ಕೊಡುವುದು ಅವರ ಪದ್ಧತಿ. ಆ ಪತ್ರವಿಲ್ಲದೆ ದೋಣಿ ಹೊರಡುವಂತಿಲ್ಲ.

ಸುತ್ತು ಮುಗಿಸಿ ಬಂದರೆ ಪೀಪಾಯಿಗೆ ದಪ್ಪ ಹಗ್ಗ ಮೂರು ಸುತ್ತು ಬಿದ್ದಿದೆ. ಚರ್ಚಿನ ಆಗಸ್ಟ್ ಮೆರವಣಿಗೆಯಲ್ಲಿ ಮಾತೆಯ ಪಲ್ಲಕ್ಕಿ ಬಿಗಿದ ಹಗ್ಗ ಅದು. ಮೆರವಣಿಗೆ ಮುಗಿದ ಮೇಲೆ ಅದನ್ನು ತುಂಡು ಮಾಡಿ, ದೋಣಿ ಕಾಯಲಿ ಎಂದು ದೋಣಿಯವರ ಮನೆಯ ಹೆಂಗಸರಿಗೆ ಹಂಚುತ್ತಾರೆ.

"ಯಾರು ಕಟ್ಟಿದ್ದು?"

"ನಾನೇ ದೊಡ್ಡಮ್ಮ" ಎಂದಳು ಝೆಫೆರೀನೊನ ಹೆಂಡತಿ ಒಲಿಂಪಿಯಾ. "ಹೋದ ಚಳಿಗಾಲದಲ್ಲಿ ಪಕ್ಕದ ದೋಣಿಯವರ ಪೀಪಾಯಿನ ಅಲೆ ಎತ್ಕೊಂಡು ಹೋಯ್ತಲ್ಲ. ಇದು ಮಾತೆಯ ಹಗ್ಗ, ಬಿಡಲ್ಲ."

"ಬಿಡಲ್ಲ ಅನ್ನೋದೇ ನನ್ನ ಭಯ. ಬಿಚ್ಚು."

ಝೆಫೆರೀನೊಗೆ ಸಿಟ್ಟು ಬಂತು. "ನೀರು ಇಳೀತಿದೆ, ಆಮೇಲೆ ಅಳಿವೆ ಬಾಯಿ ದಾಟೋಕಾಗಲ್ಲ, ಪತ್ರ ಕೊಟ್ಬಿಡಿ ದೊಡ್ಡಮ್ಮ. ಮಾತೆಯ ಹಗ್ಗ ಕುಯ್ದ ದೋಣಿಗೆ ನನ್ನ ಆಳುಗಳು ಒಬ್ರೂ ಹತ್ತಲ್ಲ."

"ಹತ್ತದಿದ್ರೆ ಒಳ್ಳೇದೇ. ಸಂಜೆ ಮನೇಲಿ ಸಿಗ್ತಾರೆ."

"ಶೆಡ್ಡಲ್ಲಿ ಕೂತು ರಬ್ಬರ್ ಮಡಿಸೋರಿಗೆ ಸಮುದ್ರದ ವಿಚಾರ ಏನು ಗೊತ್ತು?"

ದೊರಿಂದಾ ಕೈಗಾಡಿಯ ಅಂಚಿಗೆ ಕೂತರು. ಅವರ ಗಂಡ ಅಬೀಲಿಯೊನ ದೋಣಿ ಮುಳುಗಿ ಮೂವತ್ತೊಂದು ವರ್ಷವಾಯಿತು. ತೆಪ್ಪ ಕೈಕೊಟ್ಟಿತು ಎಂದಷ್ಟೇ ಊರು ಆಡಿಕೊಂಡಿತ್ತು.

"ಆ ವರ್ಷ ನನ್ನ ಪಾಲಿಗೆ ಎರಡು ಮಾರು ಹಗ್ಗ ಬಂತು. ಬಲೆ ಹೆಣೆಯೋ ಕೈ ನಂದು. ನಾನು ಹಾಕಿದ ಗಂಟು ಯಾರಿಗೂ ಬಿಚ್ಚೋಕಾಗ್ತಿರ್ಲಿಲ್ಲ. ಅದೇ ಹೆಮ್ಮೆಯಿಂದ ಪೀಪಾಯಿಗೆ ಕಟ್ಟಿದೆ. ದೋಣಿ ಅಳಿವೆ ದಾಟ್ತಿದ್ದ ಹಾಗೇ ಮಗುಚಿತು, ಇಲ್ಲಿಂದ ಕಾಣೋ ಅಷ್ಟು ದೂರದಲ್ಲಿ. ಮುಳುಗಿ ನೋಡ್ದೋರು ನನ್ನೊಬ್ಬಳಿಗೇ ಹೇಳಿದ್ರು. ಕೊಂಡಿ ತನ್ನ ಕೆಲಸ ಮಾಡಿತ್ತಂತೆ, ಪಟ್ಟಿ ಕಡಿದಿತ್ತಂತೆ. ಪೀಪಾಯಿ ಇನ್ನೂ ಮೇಲಕ್ಕೆ ಜಗ್ತಾ ಇತ್ತಂತೆ ಒಲಿಂಪಿಯಾ. ನನ್ನ ಗಂಟು ಹಿಡ್ಕೊಂಡಿತ್ತು. ಐದು ಜನ."

ಒಲಿಂಪಿಯಾ ಏಣಿ ಹತ್ತಿ ಗಂಟಿಗೆ ಕೈ ಹಾಕಿದಳು, ಬರಲಿಲ್ಲ. ಝೆಫೆರೀನೊ ಚೂರಿ ತೆಗೆದ. "ಕುಯ್ಬೇಡ" ಎಂದು ದೊರಿಂದಾ ತಾವೇ ಹತ್ತಿ, ಒದ್ದೆ ಹಗ್ಗವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಸಡಿಲಿಸಿದರು. ಹತ್ತು ನಿಮಿಷ ಹಿಡಿಯಿತು. ಬಿಚ್ಚಿದ ಹಗ್ಗವನ್ನು ಚುಕ್ಕಾಣಿ ಕೋಣೆಯ ಮೊಳೆಗೆ ಸುಮ್ಮನೆ ಇಳಿಬಿಟ್ಟು, ಪತ್ರವನ್ನು ಝೆಫೆರೀನೊನ ಕೈಗಿಟ್ಟರು. ಆಳುಗಳು ಹತ್ತಿದರು. ದೋಣಿ ಅಳಿವೆ ದಾಟಿ ಕಣ್ಮರೆಯಾಗುವವರೆಗೂ ಹೆಂಗಸರಿಬ್ಬರೂ ಕಟ್ಟೆಯ ಮೇಲೆ ನಿಂತೇ ಇದ್ದರು.

ಗಂಡನ ಮಣ್ಣಾದ ಮರುವಾರವೇ ದೊರಿಂದಾ ಶೆಡ್ಡಿನ ಬಾಗಿಲಿಗೆ ಹೋಗಿ, ಇದು ಹೇಗೆ ಬಿಚ್ಚಿಕೊಳ್ಳುತ್ತದೆ ತೋರಿಸಿ ಎಂದು ಕೇಳಿದ್ದರಂತೆ. ನೋಡಿದ ಮೇಲೆ ಅಲ್ಲೇ ಕೆಲಸಕ್ಕೆ ನಿಂತರು. ಮುಂದಿನ ವರ್ಷ ಕೆಲಸ ಬಿಡುತ್ತಾರೆ. ಅಷ್ಟರಲ್ಲಿ ಒಂದು ಭಾನುವಾರ ದೋಣಿಯವರ ಮನೆಯ ಹೆಂಗಸರನ್ನೆಲ್ಲ ಕರೆದು, ಬಂದರಿನ ನೀರಿನಲ್ಲಿ ಒಂದು ತೆಪ್ಪ ಅರಳಿಸಿ ತೋರಿಸಬೇಕೆಂಬುದೊಂದೇ ಅವರ ಆಸೆ. "ಕಟ್ಟೋರು ನಾವು ತಾನೆ. ನಾವೇ ನೋಡಿಲ್ಲ ಅದು ಹೇಗೆ ಏಳುತ್ತೆ ಅಂತ."

ಕಟ್ಟೆಯ ಮೇಲಿನ ಮಾತನ್ನು ಈ ಪತ್ರಿಕೆಗೆ ಬರೆಯಬಹುದೇ ಎಂದು ಕೇಳಿದಾಗ ಅವರು ಮೇಲಂಗಿಯ ಆರೂ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು.

"ಬರೀರಿ" ಎಂದರು ಕೊನೆಗೆ. "ಗಂಟು ಯಾರದ್ದು ಅಂತಾನೂ ಬರೀರಿ."