ಕಾವೇರಿಯಲ್ಲ, ನಮ್ಮಜ್ಜಿ

ಸಮಿತಿಯವರು ನನ್ನ ಲೇಖನ ತಿದ್ದಿ ವಾಪಸ್ ಕಳಿಸಿದ್ದರು. ನಮ್ಮಜ್ಜಿಯ ತಮ್ಮ, ನಾನು ತಾತ ಅನ್ನುತ್ತಿದ್ದವರು, ಮಿರ್ಲೆಯ ಸ್ವಾತಂತ್ರ್ಯ ಹೋರಾಟಗಾರ, ಕವಿ. ಅವರ ನೆನಪಿನ ಸಂಚಿಕೆಗೆ ಅವರ ಬಾಲ್ಯದ ಬಗ್ಗೆ ಬರೆದುಕೊಡಿ ಎಂದು ಇವರೇ ಮನೆಗೆ ಬಂದು ಕೇಳಿದ್ದು. ನಾನು ಬರೆದದ್ದು ಅಜ್ಜಿಯನ್ನು. ಅವಳೂ ಹೋದಳು, ತಾತನೂ ಹೋದರು, ಕಾಗದದ ಮೇಲಾದರೂ ಅವಳು ಉಳಿಯಲಿ ಎಂದು. ತಿದ್ದಿದ ಹಾಳೆಯಲ್ಲಿ ಅಜ್ಜಿಯೇ ಇರಲಿಲ್ಲ. ಆ ಜಾಗದಲ್ಲಿ ಕಾವೇರಿ ಹರಿಯುತ್ತಿದ್ದಳು.

ಮೈಯೆಲ್ಲ ಉರಿದುಹೋಯಿತು. ಅಧ್ಯಕ್ಷರಿಗೆ ಫೋನ್ ಮಾಡಿದೆ.

“ಅಂಗಲ್ಲ ಕಣಮ್ಮ, ಕವಿಗಳೇ ಅಂದವ್ರಲ್ಲಾ, ಕಾವೇರಿನೇ ನನ್ ಗುರು ಅಂತ. ನಿಮ್ಮಜ್ಜಿ ಎಬ್ಬೆಟ್ಟು. ಜನ ನಗ್ತಾರೆ ಬುಡಿ.”

“ಕಾವೇರಿ ಬಂದು ರಾಗಿ ಬೀಸಿದ್ಳೇನ್ರೀ ನಮ್ಮನೇಲಿ?” ಅಂದೆ. ಫೋನ್ ಇಟ್ಟುಬಿಟ್ಟರು.

ರಾಗಿ ಬೀಸಿದ್ದು ಅಜ್ಜಿ. ತಾಯಿಯಿಲ್ಲದ ಮನೆ. ಹನ್ನೆರಡು ವರ್ಷದ ಹುಡುಗಿ ಕೋಳಿ ಕೂಗುವ ಹೊತ್ತಿಗೇ ಬೀಸುಕಲ್ಲಿನ ಒಂದು ಬದಿಗೆ ಕೂರುತ್ತಿದ್ದಳು, ಎದುರಿಗೆ ತಮ್ಮ. ಒಂದೇ ಗೂಟಕ್ಕೆ ಇಬ್ಬರ ಕೈ. ಅವನು ತೂಕಡಿಸಿದರೆ ಕಲ್ಲಿನ ಭಾರವೆಲ್ಲ ಇವಳ ಮೇಲೆ. ಅದಕ್ಕೇ ಅಜ್ಜಿ ಒಂದು ಸಾಲು ಕಟ್ಟಿ ಹಾಡುವುದು, ಮುಂದಿನ ಸಾಲು ಅವನು ಕಟ್ಟಲೇಬೇಕು. ಕಟ್ಟದಿದ್ದರೆ ಅವತ್ತು ಬೆಲ್ಲದ ಚೂರಿಲ್ಲ. ಕಂದಾಯಕ್ಕೆ ಬಂದು ಜಗಲಿಯ ಮೇಲೆ ದರ್ಬಾರು ಮಾಡುತ್ತಿದ್ದವರ ಮೇಲೂ ಹಾಗೇ ಒಂದು ಹಾಡು ಕಟ್ಟಿದರಂತೆ. ಮುಂದೆ ಮೆರವಣಿಗೆಯಲ್ಲಿ ಹಾಡಿ ತಾತ ಜೈಲಿಗೆ ಹೋದದ್ದು ಅದೇ ಹಾಡನ್ನು. ಇದನ್ನು ನನಗೆ ಹೇಳಿದ್ದು ಅಜ್ಜಿಯಲ್ಲ. ನಮ್ಮ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ತಾತನೇ ಹೇಳಿದ್ದರು: “ಮೊದ್ಲ್ ಸಾಲು ಅಕ್ಕಂದು ಕಣವ್ವ.”

ಪಡಸಾಲೆಯಲ್ಲಿ ಹೇಳಿದವರಿಗೆ ವೇದಿಕೆ ಹತ್ತಿದ ಮೇಲೆ ಬಾಯಿ ಬರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಕೆ.ಆರ್. ನಗರದಲ್ಲಿ ಅವರಿಗೆ ಸನ್ಮಾನ. ಅಜ್ಜಿ ಮದುವೆಯ ಸೀರೆ ಉಟ್ಟು ಬಂದು ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ಹಾಡು ಕಟ್ಟುವುದನ್ನು ಯಾರಿಂದ ಕಲಿತಿರಿ ಎಂದು ಯಾರೋ ಕೇಳಿದರು. ಅಜ್ಜಿ ಸೆರಗು ಸರಿಮಾಡಿಕೊಂಡಳು.

“ಕಾವೇರಿಯಿಂದ,” ಅಂದರು ತಾತ. ಚಪ್ಪಾಳೆಯೋ ಚಪ್ಪಾಳೆ!

ವಾಪಸ್ ಬರುವಾಗ ಬಸ್ಸಿನಲ್ಲಿ ಅಜ್ಜಿ ಹೇಳಿದ್ದಿಷ್ಟೇ: “ಮರ್ತೋಗವ್ನೆ ಪಾಪ, ಬುಡು.”

ಮರೆವಂತೆ, ಮಣ್ಣಂತೆ! ಹತ್ತಿದ ಏಣಿ ಒದೆಯುವುದಕ್ಕೆ ಮರೆವು ಅಂತ ಹೆಸರಿಡಬೇಕೇ? ಆ ಸೀರೆಯನ್ನು ಅವಳು ಮತ್ತೆ ಉಡಲಿಲ್ಲ. ಜೈಲು ಕಂಡವರು, ದೊಡ್ಡವರು, ಎಲ್ಲ ಸರಿ. ಆ ಒಂದು ಮಾತಿಗೆ ತಾತನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮೊನ್ನೆ ಮಿರ್ಲೆಯಲ್ಲೇ ಸಂಚಿಕೆ ಬಿಡುಗಡೆಯಾಯಿತು, ಕಾವೇರಿಯ ಸಮೇತ. ನನ್ನ ಲೇಖನ ಹಾಕಬೇಡಿ ಎಂದು ಹೇಳಿದ್ದೆ, ಅವರೇ ಬರೆದುಕೊಂಡಿದ್ದರು. ಆದರೂ ಕುಟುಂಬದವರೆಂದು ಕರೆದು, ಶಾಲು ಹೊದಿಸಿ, ಎರಡು ಮಾತಾಡಿ ಎಂದರು. ಎರಡೇ ಮಾತಾಡಿದೆ. “ತಾತನಿಗೆ ಹಾಡು ಕಟ್ಟೋದು ಕಲಿಸಿದ್ದು ಅವರಕ್ಕ. ಮೊದಲನೇ ಸಾಲು…”

ಅಧ್ಯಕ್ಷರು ಮೈಕಿನವನಿಗೆ ಕಣ್ಸನ್ನೆ ಮಾಡಿದರು. ಮೈಕ್ ಆಫ್ ಆಯಿತು.

ಹೆಂಗಸರ ಸಾಲಿನ ಹಿಂದೆ ಒಬ್ಬ ಮುದುಕಿ ಎದ್ದು ನಿಂತಳು. “ಕೊನೇದು ಕೇಳುಸ್ನಿಲ್ಲ ಕಣವ್ವ. ಇನ್ನೊಂದ್ಸಲ ಏಳು.”

ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದೆ. ಗಂಟಲು ಕಿತ್ತುಬರುವ ಹಾಗೆ ಕೂಗಿದೆ: “ಮೊದಲನೇ ಸಾಲು ನಮ್ಮಜ್ಜೀದು!”